ದೊಡ್ಡವರ ಎಡಿಎಚ್‌ಡಿಗೆ ಕೋಚ್: ಕರೆಕ್ಟ್ ಏನ್ ಮಾಡ್ತಾರ, ನಮ್ಮ ಕಡೆ ಸಿಗದಿದ್ರ ಏನ್ ಮಾಡೂದು?

ಮಲಪ್ರಭಾ_ದಂಡಿ (ಬಾಗಲಕೋಟೆ)

ನಮ್ಮ ಕಡೆ "ಕೋಚಿಂಗ್" ಅಂದ್ರ ಪಿಎಸ್‌ಐ ಪರೀಕ್ಷೆ, ನವೋದಯ, ಸೈನಿಕ ಶಾಲೆ, ಇಷ್ಟ ತಲ್ಯಾಗ ಬರ್ತಾವ. ನಾ ಕೇಳಾಕತ್ತಿದ್ದು ಅದಲ್ಲ. ಎಡಿಎಚ್‌ಡಿ (ಗಮನ ಒಂದ ಕಡೆ ನಿಲ್ಲದ, ಚಡಪಡಿಕಿ ಇರೂ ತೊಂದ್ರಿ) ಅಂತ ಮನೋವೈದ್ಯರು ಖಚಿತ ಮಾಡಿದ ಮ್ಯಾಲೆ ದೊಡ್ಡವರಿಗೆ "ಗುಳಿಗಿ ಜೋಡಿ ಒಬ್ಬ ಕೋಚ್ ಇದ್ರ ಛಲೋ" ಅಂತಾರಲ್ಲ, ಆ ಕೋಚಿಂಗ್. ಅವ್ರು ಕೂಡ್ಸಿಕೊಂಡು ಮಾಡೂದಾದ್ರೂ ಏನು? ಆರಿಸೂದು ಹೆಂಗ? ಸಿಗಲಿಲ್ಲ ಅಂದ್ರ ಬದಲಿ ಏನು?

"ಯೋಗ ಮಾಡ್ರಿ, ಮನಸ್ಸು ಗಟ್ಟಿ ಮಾಡ್ಕೋರಿ" ಅನ್ನೂ ಉತ್ತರ ಬ್ಯಾಡ್ರಿ. ಅವರಿವರ ಮನಿ ಕಥಿನೂ ಬ್ಯಾಡ. ಎಷ್ಟು ನಿಮಿಷ, ಯಾವ ಹಂತ, ಎಲ್ಲಿ ಕೆಡ್ತೈತಿ, ಅಷ್ಟ ಬರೀರಿ.

ಎರಡನೇ_ಪಾಳಿ (ಉದ್ಯಮಬಾಗ, ಬೆಳಗಾವಿ)

ಮೊದಲು ಮೂರು ಮಂದಿಯ ಕೆಲಸ ಬೇರೆ ಮಾಡಿ ಇಡೋಣ. ಮನೋವೈದ್ಯರದ್ದು ತಪಾಸಣೆ ಮತ್ತು ಔಷಧ. ಕ್ಲಿನಿಕಲ್ ಸೈಕಾಲಜಿಸ್ಟ್ ಅವರದ್ದು ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆ: ಖಿನ್ನತೆ, ಆತಂಕ, "ನಾನು ಹುಟ್ಟಾ ಸೋಮಾರಿ" ಅಂತ ಇಪ್ಪತ್ತು ವರ್ಷದಿಂದ ಕೂತ ನಂಬಿಕೆ, ಇವೆಲ್ಲ ಅಲ್ಲಿ. ಕೋಚ್ ಇವೆರಡನ್ನೂ ಮುಟ್ಟಬಾರದು. ಕೋಚ್ ನೋಡೋದು ಬರೋ ಏಳು ದಿನ ಮಾತ್ರ. ಮಂಗಳವಾರ 11 ಗಂಟೆಗೆ ಯಾವ ಕೆಲಸ, ಯಾವ ಮೇಜಿನ ಮೇಲೆ, ಮೊದಲು ಕೈ ಹಾಕೋದು ಯಾವುದಕ್ಕೆ, ಆಗಲಿಲ್ಲ ಅಂದ್ರೆ ಎಲ್ಲಿ ಕಳಚಿತು.

ಏನು ಮಾಡಬೇಕು ಅನ್ನೋದು ಎಡಿಎಚ್‌ಡಿ ಇರೋರಿಗೆ ಗೊತ್ತಿರ್ತದೆ. ಅದನ್ನ ಮಾಡಬೇಕಾದ ಹೊತ್ತಿಗೆ, ಮಾಡಬೇಕಾದ ಜಾಗದಲ್ಲಿ ಮಾಡೋಕೆ ಆಗೋದಿಲ್ಲ. ಈ ತೊಂದರೆ ಮೇಲೆ ಸಂಶೋಧನೆ ಮಾಡಿದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ದಶಕಗಳಿಂದ ಹೇಳ್ತಾ ಬಂದಿದ್ದು ಇದನ್ನೇ. ಹಾಗಾಗಿ ಸಲಹೆ ಕೊಡೋ ಕೋಚ್ ದಂಡ. ಸಹಾಯ ಕೆಲಸ ನಡಿಯೋ ಜಾಗಕ್ಕೇ ಹೋಗಿ ಮುಟ್ಟಬೇಕು.

ಒಂದು ಸೆಷನ್ 45 ನಿಮಿಷ ಅಂತ ಇಟ್ಕೊಳ್ಳಿ. ಮೊದಲ 5 ನಿಮಿಷ ಹೋದ ವಾರದ ಹಾಳೆ: ಆಗಿದ್ದಕ್ಕೆ ಗೆರೆ, ಆಗದ್ದಕ್ಕೆ ಸುತ್ತು. ಬೈಗುಳ ಇಲ್ಲ, "ಯಾಕೆ ಮಾಡಲಿಲ್ಲ" ಅನ್ನೋ ಪ್ರಶ್ನೆನೂ ಇಲ್ಲ. "ಯಾಕೆ" ಅಂದ ಕೂಡಲೇ ಮನುಷ್ಯ ನೆಪ ಹುಡುಕ್ತಾನೆ. "ಅವತ್ತು 11 ಗಂಟೆಗೆ ಎಲ್ಲಿದ್ರಿ, ಕೈಯಲ್ಲಿ ಏನಿತ್ತು?" ಅಂತ ಕೇಳಬೇಕು. ಮುಂದಿನ 15 ನಿಮಿಷ ಒಂದೇ ಒಂದು ಸುತ್ತು ಬಿಚ್ಚೋದು. ಎರಡು ಬಿಚ್ಚಬಾರದು. ಆಮೇಲೆ 15 ನಿಮಿಷ ಬರೋ ವಾರ, ಹೆಚ್ಚಂದ್ರೆ ಮೂರು ಕೆಲಸ, ಪ್ರತಿಯೊಂದಕ್ಕೂ ದಿನ, ಹೊತ್ತು, ಜಾಗ. ಕೊನೆಯ 10 ನಿಮಿಷ ಹೆಚ್ಚು ಮಂದಿ ಬಿಟ್ಟುಬಿಡೋ ಭಾಗ, ಆದ್ರೆ ಜೀವ ಇರೋದು ಅಲ್ಲೇ: ಮೂರರಲ್ಲಿ ಒಂದರ ಮೊದಲ ಹೆಜ್ಜೆಯನ್ನ ಕೋಚ್ ಎದುರಿಗೇ ಮಾಡಿ ಮುಗಿಸಬೇಕು. ಫೋನ್ ಹಚ್ಚೋದಿದ್ರೆ ಆಗಲೇ ಹಚ್ಚಬೇಕು. ಅರ್ಜಿ ಇದ್ರೆ ಹೆಸರು, ವಿಳಾಸ ತುಂಬಿ ಆಗಬೇಕು.

ವಾರದ ನಡುವೆ ಎರಡು ಸಲ, ಹೇಳಿದ ಹೊತ್ತಿಗೆ, ಎರಡೇ ಸಾಲಿನ ಮೆಸೇಜ್. "ಶುರು ಮಾಡಿದೆ" ಅಂತ ಒಂದು, "ನಿಲ್ಲಿಸಿದೆ" ಅಂತ ಒಂದು. ಫೋಟೋ ಇದ್ರೆ ಇನ್ನೂ ಛಲೋ.

ಖಣದ_ಅಂಚು (ಗುಳೇದಗುಡ್ಡ)

ಅಣ್ಣಾರ, ಮೂರು ಕೆಲಸ ಅಂದ್ರಿ. ಮನ್ಯಾಗ ಇರೂ ಹೆಣ್ಣಮಕ್ಕಳಿಗೆ ಮೂವತ್ತು ಕೆಲಸ ಇರ್ತಾವ. ಇದ್ರಾಗ ಮೂರು ಆರಿಸೂದು ಹೆಂಗ?

ಎರಡನೇ_ಪಾಳಿ

ಅಕ್ಕಾರ, ಮೂವತ್ತರಲ್ಲಿ ಇಪ್ಪತ್ತೈದು ತಾವಾಗೇ ಆಗ್ತಿರ್ತವೆ, ಅವನ್ನ ಹಾಳೆಗೆ ತರಬೇಡ್ರಿ. ಹಾಳೆ ಮೇಲೆ ಬರೋದು ಮುಂದೂಡಿ ಮುಂದೂಡಿ ಬಡ್ಡಿ ಬೆಳೆಸ್ತಿರೋ ಕೆಲಸ ಮಾತ್ರ. ದಂಡ ಬೀಳೋದು, ಆರೋಗ್ಯ ಕೆಡೋದು, ಇನ್ನೊಬ್ಬರ ಕೆಲಸ ನಿಲ್ಲೋದು. ಈ ಮೂರರಲ್ಲಿ ಒಂದೂ ಅಲ್ಲದಿದ್ರೆ ಈ ವಾರ ಬೇಡ. ಅಡಿಗೆಮನೆ ಬಗ್ಗೆ ನೀವೇ ಬರೀರಿ, ನಮಗಿಂತ ನಿಮಗೆ ಹೆಚ್ಚು ಗೊತ್ತು.

ಖಣದ_ಅಂಚು

ಬರೀತೀನ್ರಿ.

ರೊಟ್ಟಿ ಬಡಿಯುವಾಗ ತಪ್ಪು ಆಗೂದಿಲ್ಲ, ನೋಡಿದ್ದೀರೇನು? ಕೈ, ಕಣ್ಣು, ಸಪ್ಪಳ ಮೂರೂ ಒಂದ ಕಡೆ ಇರ್ತಾವ. ಹಂಚಿನ ಮ್ಯಾಲಿಂದ ಒಂದು ತಗದ್ರ ಇನ್ನೊಂದು ತಯಾರ ಇರಬೇಕು. ತಪ್ಪು ಆಗೂದು ಬ್ಯಾಳಿ ಮಂದ ಉರಿ ಮ್ಯಾಲೆ ಇಟ್ಟು "ಹತ್ತು ಮಿನಿಟ ಐತಿ" ಅಂತ ಹೊರಗ ಬಂದಾಗ. ಆ ಹತ್ತು ಮಿನಿಟಿಗೆ ಕಣ್ಣಿಗೆ ಕಾಣೂ ಗುರುತು ಇಲ್ಲ, ಕಿವಿಗೆ ಕೇಳೂ ಸಪ್ಪಳ ಇಲ್ಲ. ಎಡಿಎಚ್‌ಡಿ ತಲಿಗೆ ಕಾಣದ್ದು ಇಲ್ಲದ್ದರ ಸಮ.

ಅದಕ್ಕ ನಿಯಮ ಒಂದ: ಒಲಿ ಉರೀತಿರುವಾಗ ಅಡಿಗಿಮನಿ ಬಿಟ್ಟು ಹೊರಗ ಬಂದ್ರ ಸೌಟು ಕೈಯಾಗ ಇರಬೇಕು. ಎಲ್ಲೂ ಕೆಳಗ ಇಡಬಾರ್ದು. ಬಾಗಲಕ ಯಾರರ ಬಂದ್ರೂ, ಫೋನ್ ಬಂದ್ರೂ, ಕೈಯಾಗಿನ ಸೌಟು "ಒಲಿ ಮ್ಯಾಲೆ ಐತಿ" ಅಂತ ನೆನಪ ಮಾಡ್ತೈತಿ. ಮೊಬೈಲ್ ಟೈಮರ್ ಇಲ್ಲಿ ಉಪಯೋಗಿಲ್ಲ. ಬಂದ್ ಮಾಡಾಕ ಮೊಬೈಲ್ ತಗೋತಾರ, ವಾಟ್ಸಾಪ್ ನೋಡ್ತಾರ, ಹತ್ತಿದ ವಾಸನಿ ಬಂದಾಗ ಎಚ್ಚರ. ತಿರುವೂ ಟೈಮರ್ ತಗೋರಿ, ಗಡಿಯಾರದಂಗ ಟಿಕ್ ಟಿಕ್ ಅನ್ನೂದು. ಅದರಾಗ ಬ್ಯಾರೆ ಏನೂ ಇರೂದಿಲ್ಲ.

ಕೋಚ್ ಆದವ್ರು ಇಂಥದ್ದನ್ನ ಮನಿಗೆ ಬಂದು, ಇಲ್ಲಾಂದ್ರ ವಿಡಿಯೋ ಕಾಲ್‌ನ್ಯಾಗ ಅಡಿಗಿಮನಿ ತೋರಿಸಿ ಕೇಳಬೇಕು. ಆಫೀಸಿನ ಕುರ್ಚಿ ಮ್ಯಾಲೆ ಕುಂತು "ಗಮನ ಕೊಟ್ಟು ಅಡಿಗಿ ಮಾಡ್ರಿ" ಅಂದ್ರ ಏನು ಬಂತು?

ಎಕ್ಸ್_ರಿಜಿಸ್ಟರ್ (ವಿಜಯಪುರ)

ಔಷಧ ಅಂಗಡಿ ಕಡೆಯಿಂದ ಎರಡು ಮಾತು. ಕೋಚ್‌ಗೆ ಔಷಧದ ಹೊತ್ತು ಗೊತ್ತಿಲ್ಲ ಅಂದ್ರೆ ವೇಳಾಪಟ್ಟಿ ಪೂರಾ ತಪ್ತದ.

ಎಡಿಎಚ್‌ಡಿಗೆ ಕೊಡೋ ಮೆಥೈಲ್‌ಫೆನಿಡೇಟ್‌ನ ಸಾದಾ ಗುಳಿಗೆ ಕೆಲಸ ಮಾಡೋದು ಸುಮಾರು 3–4 ತಾಸು. ನಿಧಾನ ಬಿಡುವ ಗುಳಿಗೆ ಬ್ರ್ಯಾಂಡ್ ಮೇಲೆ 8ರಿಂದ 12 ತಾಸು. ಬೆಳಿಗ್ಗೆ 8ಕ್ಕೆ ಸಾದಾ ಗುಳಿಗೆ ತಗೊಂಡವರಿಗೆ "ಲೆಕ್ಕ ಬರೆಯೋದು 1 ಗಂಟೆಗೆ" ಅಂತ ಇಟ್ರೆ ಹರಿಯೋ ನೀರು ನಿಂತ ಮೇಲೆ ಕೊಡ ಹಿಡಿದಂಗ. ಇಳಿಯೋ ಹೊತ್ತಿಗೆ ಕೆಲವರಿಗೆ ಸಿಡಿಮಿಡಿ, ದಣಿವು ಬರ್ತದ. ಆ ಅರ್ಧ ತಾಸಿಗೆ ಯಾವ ನಿರ್ಧಾರ, ಯಾವ ಜಗಳದ ಮಾತೂ ಇಟ್ಕೋಬಾರದು. ಸಂಜೆ ಮೇಲೆ ತಗೊಂಡ್ರೆ ನಿದ್ದೆ ಕೆಡ್ತದ, ನಿದ್ದೆ ಕೆಟ್ರೆ ಮರುದಿನ ಎಡಿಎಚ್‌ಡಿ ಎರಡರಷ್ಟು. ಅಟೊಮಾಕ್ಸೆಟಿನ್ ಅನ್ನೋ ಇನ್ನೊಂದು ಔಷಧ ಬೇರೆ ಜಾತಿ. ತಾಸಿನ ಲೆಕ್ಕ ಅದಕ್ಕಿಲ್ಲ. ಪೂರ್ಣ ಪರಿಣಾಮ ಕಾಣೋಕೆ ಹಲವು ವಾರ ಹಿಡಿತದ. ಎರಡನೇ ವಾರಕ್ಕೇ "ಕೆಲಸ ಮಾಡ್ತಿಲ್ಲ" ಅಂತ ಬಿಡೋರು ಬಹಳ. ಖಾಲಿ ಹೊಟ್ಟೆಯಲ್ಲಿ ಓಕರಿಕೆ ಬಂದ್ರೆ ಊಟದ ಜೊತೆ ತಗೋಬಹುದು ಅಂತ ವೈದ್ಯರು ಹೇಳ್ತಾರ.

ಇನ್ನೊಂದು. ಮೆಥೈಲ್‌ಫೆನಿಡೇಟ್ ನಮ್ಮ ದೇಶದಲ್ಲಿ ಶೆಡ್ಯೂಲ್ ಎಕ್ಸ್, ಅಂದ್ರೆ ಬಿಗಿ ನಿಯಂತ್ರಣ ಇರೋ ಔಷಧಗಳ ಪಟ್ಟಿಯಲ್ಲಿದೆ. ಚೀಟಿ ಎರಡು ಪ್ರತಿ ಬೇಕು. ಒಂದು ಪ್ರತಿ ಅಂಗಡಿಯವರು 2 ವರ್ಷ ಇಟ್ಕೋಬೇಕು. ಇದಕ್ಕೆ ಬೇರೆ ಲೈಸೆನ್ಸ್ ಇರಬೇಕು, ಹಾಗಾಗಿ ಎಲ್ಲಾ ಅಂಗಡಿಯಲ್ಲಿ ಸಿಗೋದಿಲ್ಲ. ತಾಲೂಕಿನಲ್ಲಿ ಇರೋರಿಗೆ ಗುಳಿಗೆ ಮುಗಿದ ಮೇಲೆ ಓಡಾಡಿದ್ರೆ ನಾಲ್ಕು ದಿನ ಖಾಲಿ. ಕೋಚ್ ಹಾಳೆಯಲ್ಲಿ ಖಾಯಂ ಇರಬೇಕಾದ ಸಾಲು: "10 ಗುಳಿಗೆ ಉಳಿದಾಗ ವೈದ್ಯರ ಹತ್ರ ಹೋಗೋ ದಿನ ಹಿಡಿಯೋದು." ಗುರುತಿಗೆ ಕೊನೆಯಿಂದ 10ನೇ ಗುಳಿಗೆ ಮೇಲೆ ಸ್ಟ್ರಿಪ್ಪಿಗೆ ಕೆಂಪು ಟೇಪ್ ಹಚ್ರಿ. ನೆನಪಿನ ಮೇಲೆ ಬಿಟ್ರೆ ಆಗೋದಿಲ್ಲ. ನೆನಪೇ ಇಲ್ಲಿ ಕೈ ಕೊಡೋ ಭಾಗ.

ಮಲಪ್ರಭಾ_ದಂಡಿ

ಕೆಂಪು ಟೇಪ್ ಛಲೋ ಹೇಳಿದ್ರಿ. ಕೋಚ್‌ನ ಆರಿಸೂದು?

ತಿಳಕವಾಡಿ_ತಿರುವು (ಬೆಳಗಾವಿ)

ಇದಕ್ಕೆ ಸ್ವಲ್ಪ ಕಟುವಾಗೇ ಉತ್ತರ ಬರೀತೀನಿ.

ನಮ್ಮ ದೇಶದಲ್ಲಿ "ಕೋಚ್" ಅನ್ನೋ ಪದಕ್ಕೆ ಕಾನೂನಿನ ಬೇಲಿ ಇಲ್ಲ. ಯಾರು ಬೇಕಾದರೂ ಬೋರ್ಡ್ ಹಾಕಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಂಡರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ, ಅದು ಇರಲೇಬೇಕು. ಕೋಚ್‌ಗೆ ಅಂಥದ್ದಿಲ್ಲ. ಅಂತರರಾಷ್ಟ್ರೀಯ ಮಟ್ಟದಲ್ಲಿ ಐಸಿಎಫ್ ಅನ್ನೋ ಕೋಚ್‌ಗಳ ಒಕ್ಕೂಟದ ಮೂರು ದರ್ಜೆ ಇವೆ. ಎಸಿಸಿಗೆ 60 ತಾಸು ತರಬೇತಿ, 100 ತಾಸು ಕೋಚಿಂಗ್. ಪಿಸಿಸಿಗೆ 125 ಮತ್ತು 500. ಎಂಸಿಸಿಗೆ 200 ಮತ್ತು 2,500. ಇದು ಸಾಮಾನ್ಯ ಕೋಚಿಂಗ್‌ನ ಅಳತೆ, ಎಡಿಎಚ್‌ಡಿ ಗೊತ್ತಿದೆ ಅನ್ನೋದಕ್ಕೆ ಪುರಾವೆ ಅಲ್ಲ. ಎಡಿಎಚ್‌ಡಿ ತರಬೇತಿ ಎಲ್ಲಿ ಆಯ್ತು, ಎಷ್ಟು ತಾಸು ಅಂತ ಬೇರೆ ಕೇಳಬೇಕು.

ಮೊದಲ ಫೋನಿನಲ್ಲಿ ಕೇಳೋ ಪ್ರಶ್ನೆ ನಾಲ್ಕು ಸಾಕು. ಒಬ್ಬರು ಸತತ ಮೂರು ವಾರ ಏನೂ ಮಾಡದೆ ಬಂದ್ರೆ ನೀವೇನು ಮಾಡ್ತೀರಿ? (ಸರಿ ಉತ್ತರ: ಕೆಲಸ ಚಿಕ್ಕದು ಮಾಡ್ತೀನಿ, ಜಾಗ ಬದಲಿಸ್ತೀನಿ, ನಿದ್ದೆ ಮತ್ತು ಮನಸ್ಸಿನ ಸ್ಥಿತಿ ಕೇಳ್ತೀನಿ, ಬೇಕಾದ್ರೆ ವೈದ್ಯರ ಕಡೆ ಕಳಿಸ್ತೀನಿ. ತಪ್ಪು ಉತ್ತರ: ಶಿಸ್ತು ಕಲಿಸ್ತೀನಿ.) ಔಷಧದ ಬಗ್ಗೆ ನಿಮ್ಮ ಅಭಿಪ್ರಾಯ ಏನು? (ಸರಿ ಉತ್ತರ: ಅದು ವೈದ್ಯರದ್ದು.) ವಾರದ ನಡುವೆ ಸಂಪರ್ಕ ಇರ್ತದಾ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ? ಸೆಷನ್ ಮರೆತ್ರೆ ನಿಯಮ ಏನು?

ಕೊನೆಯದು ಸಣ್ಣದಲ್ಲ. ಸೆಷನ್ ಮರೆಯೋದು ಈ ಕಾಯಿಲೆಯ ಲಕ್ಷಣ. ಮರೆತವರು ನಾಚಿಕೆಯಿಂದ ಮುಂದಿನದನ್ನೂ ತಪ್ಪಿಸ್ತಾರೆ, ಎರಡು ತಪ್ಪಿದ ಮೇಲೆ ಫೋನ್ ಎತ್ತೋದಿಲ್ಲ. ಅಲ್ಲಿಗೆ ಮುಗೀತು. ಹಾಗಾಗಿ ಒಪ್ಪಂದದಲ್ಲೇ ಬರಿಬೇಕು: 10 ನಿಮಿಷ ತಡವಾದ್ರೆ ಕೋಚ್ ಫೋನ್ ಮಾಡ್ತಾರೆ, ಆ ಹೊತ್ತಿನ ಉಳಿದ ಸಮಯ ಫೋನಿನಲ್ಲೇ ನಡೀತದೆ, ಮುಂದಿನ ವಾರ ಮರೆತದ್ದರ ಬಗ್ಗೆ ಒಂದು ನಿಮಿಷಕ್ಕಿಂತ ಹೆಚ್ಚು ಮಾತಿಲ್ಲ. ಹಣ ಕಡಿತ ಇರಲಿ ಬೇಕಾದ್ರೆ, ಆದ್ರೆ ಮೊದಲೇ ಹೇಳಿರಬೇಕು. ಹಣ ಮುಂಗಡ ಕೊಡೋದಾದ್ರೆ 6 ಸೆಷನ್‌ಗಿಂತ ಹೆಚ್ಚು ಕೊಡಬೇಡಿ. ಹೊಸ ಉತ್ಸಾಹದಲ್ಲಿ ವರ್ಷದ ಪ್ಯಾಕೇಜ್ ಕೊಳ್ಳೋದು ಎಡಿಎಚ್‌ಡಿಯದೇ ಬುದ್ಧಿ, ಅದನ್ನ ಮಾರೋರಿಗೂ ಅದು ಗೊತ್ತು.

"21 ದಿನದಲ್ಲಿ ಗುಣ", "ಗುಳಿಗೆ ಬಿಡಿಸ್ತೀವಿ", "ಪೂರ್ತಿ ಫೋಕಸ್ ಗ್ಯಾರಂಟಿ" ಅಂದವರ ಹತ್ರ ನಮಸ್ಕಾರ ಹೇಳಿ ಎದ್ದು ಬನ್ನಿ.

ಗುಟ್ಟಿನ ವಿಷಯವನ್ನೂ ಬರೆಸಿಕೊಳ್ಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಂ ಚಿಕಿತ್ಸೆ ಕೊಡೋ ವೃತ್ತಿಪರರ ಮೇಲೆ ಗೋಪ್ಯತೆಯ ಹೊಣೆ ಹಾಕ್ತದೆ. ಬೋರ್ಡ್ ಹಾಕಿದ ಕೋಚ್ ಆ ಸಾಲಿನಲ್ಲಿ ಬರೋದಿಲ್ಲ ಅಂತಲೇ ಇಟ್ಕೊಂಡು ನಡೀಬೇಕು. ನಮ್ಮ ಊರುಗಳಲ್ಲಿ ಕೋಚ್ ಅಂದವರು ಬೀಗರ ಬೀಗರು ಆಗಿರೋ ಸಾಧ್ಯತೆ ಯಾವಾಗಲೂ ಇದ್ದೇ ಇದೆ.

ಉದ್ರಿ_ವಹಿ (ಇಳಕಲ್)

ಅಂಗಡಿ ಇದ್ದವರ ಕೆಲಸ ಒಂದು ಬಿಚ್ಚಿ ತೋರಿಸ್ತೀನ್ರಿ. ಜಿಎಸ್‌ಟಿ. ಲೆಕ್ಕ ಬರೂದಿಲ್ಲ ಅಂತ ಯಾರಿಗೂ ತಡ ಆಗೂದಿಲ್ಲ. ಬಿಲ್ ಸಿಗೂದಿಲ್ಲ ಅಂತ ತಡ ಆಗ್ತದ.

ತಿಂಗಳಾ ತುಂಬೋರಿಗೆ ಜಿಎಸ್‌ಟಿಆರ್-1 (ಮಾರಾಟದ ಪಟ್ಟಿ) ಮುಂದಿನ ತಿಂಗಳ 11ಕ್ಕ, 3ಬಿ (ತೆರಿಗಿ ಕಟ್ಟೂ ಲೆಕ್ಕ) 20ಕ್ಕ. 3ಬಿ ತಪ್ಪಿದ್ರ ದಿನಕ್ಕ 50 ರೂಪಾಯಿ, ವ್ಯವಹಾರ ಇಲ್ಲದ ತಿಂಗಳಿದ್ರ 20. ತೆರಿಗಿ ಬಾಕಿ ಮ್ಯಾಲೆ ವರ್ಷಕ್ಕ ಶೇ. 18 ಬಡ್ಡಿ ಬ್ಯಾರೆ. ಮೊಬೈಲ್‌ನ್ಯಾಗ "20 ಜಿಎಸ್‌ಟಿ" ಅಂತ ರಿಮೈಂಡರ್ ಇಟ್ಟಿರ್ತಾರ. ಅದು ಬಾರಿಸಿದಾಗ ಗಿರಾಕಿ ಎದುರಿಗೆ ಸೀರಿ ಬಿಚ್ಚಿ ಹಾಸಿರ್ತೈತಿ. ಒತ್ತಿ ಬಂದ್ ಮಾಡ್ತಾರ. ಮುಗೀತು.

ಇಲ್ಲಿ ತಪ್ಪು ಎರಡು. ರಿಮೈಂಡರ್ ಕೊನೀ ದಿನಕ್ಕ ಐತಿ, ಮತ್ತ "ಜಿಎಸ್‌ಟಿ" ಅನ್ನೂದು ಕೆಲಸ ಅಲ್ಲ, ಹತ್ತು ಕೆಲಸದ ಗಂಟು. ಬಿಚ್ಚಿದ್ರ ಹಿಂಗ ಆಗ್ತೈತಿ. ಗಲ್ಲಾಪೆಟಗಿ ಬಲಕ್ಕ, ಕೈ ಚಾಚಿದ್ರ ಸಿಗೂವಷ್ಟು ಹತ್ರ ಒಂದು ಮುಚ್ಚಳ ಇಲ್ಲದ ಡಬ್ಬಿ. ಮುಚ್ಚಳ ಇದ್ರ ಬಿಲ್ ಮುಚ್ಚಳದ ಮ್ಯಾಲೆ ಬೀಳ್ತಾವ, ಅಲ್ಲಿಂದ ಎಲ್ಲರ ಹೋಗ್ತಾವ. ಖರೀದಿ ಬಿಲ್ ಬಂದ ಕೂಡ್ಲೆ ಅದ್ರಾಗ. ಮಡಚಬ್ಯಾಡ್ರಿ, ವಿಂಗಡಣಿ ಬ್ಯಾಡ, ಫೈಲ್ ಬ್ಯಾಡ. ವಿಂಗಡಣಿ ಅಂತ ಒಂದು ಹೆಜ್ಜಿ ಸೇರಿಸಿದ್ರ ಸಾಕು, ಡಬ್ಬಿ ಖಾಲಿ ಉಳೀತೈತಿ, ಬಿಲ್ ಎಲ್ಲಾ ಕಿಸೆದಾಗ. ಪ್ರತಿ ಶನಿವಾರ ಅಂಗಡಿ ಷಟರ್ ಅರ್ಧ ಇಳಿಸಿದ ಮ್ಯಾಲೆ 15 ನಿಮಿಷ: ಡಬ್ಬಿ ಹಾಸಿಗಿ ಮ್ಯಾಲೆ ಸುರುವಿ ಫೋಟೋ ತಗದು ಲೆಕ್ಕದವರಿಗೆ ಕಳಿಸೂದು. ಷಟರ್ ಅರ್ಧ ಅನ್ನೂದ ಗುರುತು, ಗಡಿಯಾರ ಅಲ್ಲ. ಷಟರ್ ದಿನಾ ಇಳೀತೈತಿ, ಮರೆಯೂ ಮಾತಿಲ್ಲ. ತಿಂಗಳ 5ಕ್ಕ ಲೆಕ್ಕದವರ ಫೋನ್ ಬರೂ ಹಂಗ ಅವರಿಗೇ ಹೇಳಿ ಇಡ್ರಿ. ನೀವು ಮಾಡಬ್ಯಾಡ್ರಿ, ಅವ್ರು ಮಾಡ್ಲಿ.

ಹೆಸ್ಕಾಂ ಬಿಲ್, ಫೋನ್ ರಿಚಾರ್ಜ್ ಇಂಥಾವಕ್ಕ ಆಟೋಪೇ ಹಚ್ಚಿ ತಲಿಯಿಂದ ತಗದು ಹಾಕ್ರಿ. ಆದ್ರ ಆ ಖಾತೆ ಬ್ಯಾರೆ ಇರ್ಲಿ, ತಿಂಗಳ ಒಂದನೇ ತಾರೀಖಿಗೆ ಅದಕ್ಕ ರೊಕ್ಕ ಹೋಗೂ ಹಂಗ ಇರ್ಲಿ. ವ್ಯಾಪಾರದ ಖಾತೆಗೇ ಹಚ್ಚಿದ್ರ ಖಾಲಿ ಇದ್ದ ದಿನ ಬಿಲ್ ವಾಪಸ್ ಆಗ್ತೈತಿ, ಗೊತ್ತೂ ಆಗೂದಿಲ್ಲ.

ಚಾಟ್ನಿ_ಅಕ್ಟೋಬರ್ (ತಿಕೋಟಾ ಕಡೆ)

ದ್ರಾಕ್ಷಿ ತೋಟದಾಗೂ ಇದ ಲೆಕ್ಕ ನಡೀತದ. ಯಾವ ಔಷಧ ಯಾವತ್ತು ಹೊಡದೀವಿ ಅನ್ನೂ ವಹಿ ಮನ್ಯಾಗ ಇದ್ರ ಬರಿಯೂದಿಲ್ಲ. ಟ್ಯಾಂಕಿನ ಹತ್ರ ಪ್ಲಾಸ್ಟಿಕ್ ಚೀಲದಾಗ ಹಾಳಿ, ದಾರ ಕಟ್ಟಿದ ಪೆನ್ಸಿಲ್. ಪೆನ್ ಬ್ಯಾಡ, ನೀರು ಬಿದ್ರ ಬರಿಯೂದಿಲ್ಲ. ಚಾಟ್ನಿ (ಬಳ್ಳಿ ಟೊಂಗಿ ಕತ್ತರಿಸೂದು) ಆದ ದಿನವನ್ನ ಒಂದನೇ ದಿನ ಅಂತ ಮೇಲೆ ದೊಡ್ಡದಾಗಿ ಬರದು, ಅಲ್ಲಿಂದ ಎಣಿಸ್ಕೋತ ಹೋಗೂದು. ತಾರೀಖಿಗಿಂತ "ಚಾಟ್ನಿ ಆಗಿ 32ನೇ ದಿನ" ಅನ್ನೂದು ತಲಿಗೆ ಲಗೂನ ಹತ್ತತದ.

ಕೃಷ್ಣಾ_ಹಿನ್ನೀರು (ನವನಗರ, ಬಾಗಲಕೋಟೆ)

ಎಲ್ಲಾ ಸರಿ. ಆದರೆ ಇಷ್ಟಕ್ಕೆಲ್ಲ ಹೊರಗಿನ ಕೋಚ್ ಯಾಕೆ? ಮನೆಯಲ್ಲೇ ಹೆಂಡತಿನೋ ಅಣ್ಣನೋ ಇರ್ತಾರೆ. ಅವರೇ ನೆನಪು ಮಾಡಿದರೆ ಆಗೋದಿಲ್ಲವೇ?

ಖಣದ_ಅಂಚು

ಆಗೂದಿಲ್ಲರೀ. ಹೆಂಡ್ತಿ ಕೋಚ್ ಆದ್ರ ಒಂದ ತಿಂಗಳದಾಗ ಅಕಿ ಅತ್ತಿ ಆಗ್ತಾಳ. "ಬಿಲ್ ಕಟ್ಟಿದ್ರಿ?" ಅನ್ನೂದು ಮೊದಲ್ನೇ ದಿನ ನೆನಪು, ಹತ್ತನೇ ದಿನ ಚುಚ್ಚುಮಾತು. ಮತ್ತ ಅಕಿ ತಲಿ ಮ್ಯಾಲೆ ಇರೂ ಹೊರೀ ಯಾರು ಎಣಿಸ್ತಾರ?

ತಿಳಕವಾಡಿ_ತಿರುವು

ಅಕ್ಕಾರ ಹೇಳಿದ್ದು ಸರಿ, ಆದ್ರೆ ಪೂರ್ತಿ ಬಾಗಿಲು ಮುಚ್ಚಬೇಡಿ. ಮನೆಯವರಿಗೆ ಕೊಡಬಹುದಾದ ಕೆಲಸ ಒಂದಿದೆ: ಪಕ್ಕದಲ್ಲಿ ಕೂಡೋದು. ನೆನಪು ಮಾಡೋದಲ್ಲ, ಪರೀಕ್ಷೆ ಮಾಡೋದಲ್ಲ. ಅವರು ತಮ್ಮ ಕೆಲಸ ಮಾಡ್ತಾ ಅದೇ ಕೋಣೆಯಲ್ಲಿ ಇರಬೇಕು, ಅಷ್ಟೇ. ಕೂಡು ಕುಟುಂಬದಲ್ಲಿ ಇನ್ನೊಂದು ಕೇಳಬಹುದು: ಬಾಗಿಲಿಗೆ ಟವೆಲ್ ಹಾಕಿದ್ರೆ 25 ನಿಮಿಷ ಕರೆಯಬಾರದು. ಟವೆಲ್ ತೆಗೆದ ಮೇಲೆ ಏನಾದರೂ ಕೇಳಲಿ. "ಯಾವಾಗಲೂ ತೊಂದರೆ ಕೊಡಬೇಡಿ" ಅಂದ್ರೆ ಯಾರೂ ಪಾಲಿಸೋದಿಲ್ಲ. 25 ನಿಮಿಷ ಅಂದ್ರೆ ಅಜ್ಜಿಯೂ ಒಪ್ಪುತ್ತಾರೆ.

ಎರಡನೇ_ಪಾಳಿ

ಈಗ ಕೋಚ್ ಸಿಗದವರ ವಿಷಯ. ನನ್ನ ಲೆಕ್ಕದಲ್ಲಿ ಕೋಚ್‌ನ ಅರ್ಧ ಲಾಭ "ಇನ್ನೊಬ್ಬ ಮನುಷ್ಯ ಹೇಳಿದ ಹೊತ್ತಿಗೆ ಅಲ್ಲಿರ್ತಾನೆ" ಅನ್ನೋದರಲ್ಲೇ ಇದೆ. ಆ ಅರ್ಧ ಪುಕ್ಕಟೆ ಸಿಗ್ತದೆ. ಜೋಡಿಯಾಗಿ ಕೂಡೋದು.

ಇಬ್ಬರು, ಅಥವಾ ನಾಲ್ವರೊಳಗೆ. ಐದನೆಯವರು ಬಂದ್ರೆ ಹರಟೆ. ವಾರಕ್ಕೆ ಮೂರು ದಿನ, ಅದೇ ಹೊತ್ತು. ವಿಡಿಯೋ ಕಾಲ್ ಸಾಕು. ಮೊದಲ 2 ನಿಮಿಷ ಒಬ್ಬೊಬ್ಬರು ಒಂದೇ ವಾಕ್ಯ: "ಈಗ ಮಾಡೋದು ಇದು." ಕ್ರಿಯಾಪದ ಇರಬೇಕು. "ಪ್ರಾಜೆಕ್ಟ್" ಅಲ್ಲ, "ಎರಡನೇ ಪುಟದ ಕೋಷ್ಟಕ ತುಂಬೋದು". ಮೈಕ್ ಬಂದ್. 25 ನಿಮಿಷ ಕೆಲಸ, 5 ನಿಮಿಷ ಬಿಡುವು, ಮತ್ತೆ 25. ಕೊನೆಗೆ 2 ನಿಮಿಷ ಏನಾಯ್ತು ಅಂತ ಹೇಳೋದು, ಆಗಲಿಲ್ಲ ಅಂದ್ರೆ "ಆಗಲಿಲ್ಲ" ಅಷ್ಟೇ.

25–5 ಅನ್ನೋದು ಫ್ರಾನ್ಸೆಸ್ಕೊ ಸಿರಿಲ್ಲೊ ಕೊಟ್ಟ ಪೊಮೊಡೊರೊ ಲೆಕ್ಕ, ವೇದವಾಕ್ಯ ಅಲ್ಲ. ಕೈ ಹತ್ತದ ಕೆಲಸಕ್ಕೆ 10–3 ಇಟ್ಕೊಳ್ಳಿ. ಕೋಡ್ ಬರೆಯೋರು, ಡ್ರಾಯಿಂಗ್ ಮಾಡೋರು ಒಮ್ಮೆ ಮುಳುಗಿದ್ರೆ 25ಕ್ಕೆ ಎಬ್ಬಿಸೋದು ಪಾಪ, ಅವರಿಗೆ 50–10. ಬಿಡುವು ಕೆಡೋದು ಮೊಬೈಲಿನಿಂದ: 5 ನಿಮಿಷದ ರೀಲ್ಸ್ 40 ನಿಮಿಷ ಆಗ್ತದೆ. ಬಿಡುವಿನಲ್ಲಿ ಎದ್ದು ನೀರು ಕುಡಿಯೋದು, ಗಿಡಕ್ಕೆ ನೀರು ಹಾಕೋದು, ಒಟ್ಟಿನಲ್ಲಿ ಕೊನೆ ಇರೋ ಕೆಲಸ.

ಕೃಷ್ಣಾ_ಹಿನ್ನೀರು

ಸರಿ, ಮನೆಯವರ ವಿಷಯ ಒಪ್ಪಿದೆ. ಹೊತ್ತಿನ ಅಂದಾಜು ಯಾಕೆ ಇಷ್ಟು ತಪ್ಪುತ್ತದೆ? "ಐದು ನಿಮಿಷ" ಅಂದವರು ಮುಕ್ಕಾಲು ತಾಸು.

ತಿಳಕವಾಡಿ_ತಿರುವು

ಅವರಿಗೆ ಹೊತ್ತು ಎರಡೇ: "ಈಗ" ಮತ್ತು "ಈಗಲ್ಲ". ನಡುವಿನ ಅಂತರ ಮೈಗೆ ಗೊತ್ತಾಗೋದಿಲ್ಲ. ಅದಕ್ಕೆ ಅಂದಾಜು ಕಲಿಸೋದು ಬಿಟ್ಟು ಅಳೆದು ಬರೆಯೋದು. ಒಂದು ವಾರ, ದಿನಾ ಮಾಡೋ ಐದು ಕೆಲಸ ಮಾತ್ರ. ಅಂದಾಜು ಒಂದು ಕಡೆ, ನಿಜ ಇನ್ನೊಂದು ಕಡೆ. ಸ್ನಾನ 10 ಅಂದಿದ್ದು 24 ಆಗಿದ್ರೆ ಇನ್ಮೇಲೆ ಸ್ನಾನ 24. ವಾದ ಇಲ್ಲ.

ಆಮೇಲೆ ಹಿಂದಿನಿಂದ ಎಣಿಸೋದು. ಬಸ್ 8:15ಕ್ಕೆ. ಸ್ಟ್ಯಾಂಡಿನಲ್ಲಿ 8:05ಕ್ಕೆ ಇರಬೇಕು. ದಾರಿ 20 ನಿಮಿಷ, ಹಾಗಾದ್ರೆ ಗೇಟ್ ದಾಟೋದು 7:45. ಇಲ್ಲಿಗೆ ಎಲ್ಲರೂ ನಿಲ್ಲಿಸ್ತಾರೆ, 7:45ಕ್ಕೆ ಅಲಾರಂ ಇಡ್ತಾರೆ, ಅದು ಬಾರಿಸಿದಾಗ ಕೀಲಿ ಹುಡುಕ್ತಿರ್ತಾರೆ. ಇನ್ನೂ ಹಿಂದೆ ಹೋಗಿ: ಚಪ್ಪಲಿ ಮೆಟ್ಟೋದು 7:38. ಅಲಾರಂ ಅದಕ್ಕೆ. ಚಪ್ಪಲಿ ಅಲಾರಂ ಬಾರಿಸಿದ ಮೇಲೆ ಒಳಗೆ ಹೊಸ ಕೆಲಸ ಇಲ್ಲ, "ಇದೊಂದು" ಅನ್ನೋದಂತೂ ಇಲ್ಲವೇ ಇಲ್ಲ. ಕೀಲಿ, ಪಾಕೀಟು, ಗುಳಿಗೆ ಬಾಗಿಲ ಒಳಗಡೆ ಮೊಳೆಗೆ ನೇತು ಹಾಕಿದ ಒಂದೇ ಚೀಲದಲ್ಲಿ. ಮೊಳೆ ಕಣ್ಣೆತ್ತರಕ್ಕೆ ಇರಲಿ. ಕಪಾಟಿನೊಳಗೆ ಇಟ್ರೆ ಇಲ್ಲದ ಹಾಗೇ.

ಮಲಪ್ರಭಾ_ದಂಡಿ

ಇದೆಲ್ಲ ಮೂರು ವಾರ ಛಲೋ ನಡದು ಆಮ್ಯಾಲೆ ಬಿದ್ದು ಹೋಗ್ತೈತಲ್ರೀ? ಡೈರಿ ನಾಲ್ಕು, ಆ್ಯಪ್ ಏಳು, ಎಲ್ಲಾ ಅರ್ಧಕ್ಕ ನಿಂತಾವ ಅನ್ನೋರ ಹೆಚ್ಚು.

ಎರಡನೇ_ಪಾಳಿ

ಬೀಳ್ತದೆ. ಬೀಳೋದನ್ನ ಮೊದಲೇ ಲೆಕ್ಕಕ್ಕೆ ಹಿಡಿದಿರಬೇಕು. ಹೊಸತನ ಇದ್ದಷ್ಟು ದಿನ ತಲೆ ಸಹಕರಿಸ್ತದೆ, ಹೊಸತನ ಹೋದ ಮೇಲೆ ಅದೇ ಹಾಳೆ ಕಣ್ಣಿಗೆ ಗೋಡೆ ಬಣ್ಣ ಆಗ್ತದೆ. ಆಗ ಮಂದಿ ವಿಧಾನನೇ ಎಸೆದು ಹೊಸ ಆ್ಯಪ್ ಹಾಕ್ತಾರೆ. ಎಸೆಯಬಾರದು, ಅಂಗಿ ಬದಲಿಸಬೇಕು. ಹಾಳೆ ಹಳದಿ ಇದ್ರೆ ಗುಲಾಬಿ ಮಾಡಿ. ಬಾಗಿಲ ಮೇಲಿದ್ರೆ ಕನ್ನಡಿ ಪಕ್ಕ ಹಚ್ಚಿ. ಅಲಾರಂ ಸಪ್ಪಳ ಪ್ರತಿ 15 ದಿನಕ್ಕೆ ಬದಲಿಸಿ. ಒಳಗಿನ ಲೆಕ್ಕ ಅದೇ ಇರಲಿ: ಮೂರು ಕೆಲಸ, ಹೊತ್ತು, ಜಾಗ, ಮೊದಲ ಹೆಜ್ಜೆ.

ಬಿದ್ದ ಮೇಲೆ ಏಳೋಕೂ ಒಂದು ಹಾಳೆ ಮೊದಲೇ ಬರೆದು ಇಟ್ಟಿರಬೇಕು, ಮನಸ್ಸು ಛಲೋ ಇದ್ದ ದಿನ. ಅದರಲ್ಲಿ ಮೂರೇ ಸಾಲು. ಹಿಂದಿನ ಬಾಕಿ ನೋಡೋದಿಲ್ಲ. ಇವತ್ತಿನ ಒಂದೇ ಕೆಲಸ ಬರಿಯೋದು. ಜೋಡಿದಾರರಿಗೆ "ಮತ್ತೆ ಬಂದೆ" ಅಂತ ಮೆಸೇಜ್. ಬಾಕಿ ಪೂರ್ತಿ ತುಂಬಿಸಿಯೇ ಶುರು ಮಾಡ್ತೀನಿ ಅಂದವರು ವಾಪಸ್ ಬರೋದೇ ಇಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಸೊಲಾಂಟೊ ಅವರ ತಂಡ 2010ರಲ್ಲಿ 88 ವಯಸ್ಕರ ಮೇಲೆ 12 ವಾರದ ಗುಂಪು ಚಿಕಿತ್ಸೆ ಪರೀಕ್ಷಿಸಿತ್ತು. ಹೊತ್ತು ನಿಭಾಯಿಸೋದು, ಯೋಜನೆ ಕಲಿಸಿದ ಗುಂಪಿಗೆ ಬರೀ ಬೆಂಬಲದ ಮಾತುಕತೆಯ ಗುಂಪಿಗಿಂತ ಹೆಚ್ಚು ಲಾಭ ಆಯ್ತು. ಅವರು ಕಲಿಸೋದರ ತಿರುಳು: ಶುರು ಮಾಡೋಕೆ ಆಗ್ತಿಲ್ಲ ಅಂದ್ರೆ ಮೊದಲ ಹೆಜ್ಜೆ ದೊಡ್ಡದಾಗಿದೆ. ಇನ್ನೂ ಸೀಳಿ. "ಲೋನ್ ಫಾರ್ಮ್ ತುಂಬೋದು" ಆಗ್ತಿಲ್ಲವಾ, "ಫಾರ್ಮ್ ಮೇಜಿನ ಮೇಲೆ ತೆಗೆದಿಡೋದು". ನಗೋರು ನಗಲಿ. ಬರೀ ಕೋಚಿಂಗ್ ಮೇಲಿನ ಸಂಶೋಧನೆ ಇಂಥ ಚಿಕಿತ್ಸೆಗಿಂತ ತೆಳು, ಅದನ್ನೂ ಹೇಳಿಬಿಡಬೇಕು. ಕೋಚ್ ಔಷಧಕ್ಕೆ ಬದಲಿ ಅಲ್ಲ.

ಎಕ್ಸ್_ರಿಜಿಸ್ಟರ್

ಇನ್ನೂ ತಪಾಸಣೆ ಆಗದವರು ಇದನ್ನ ಓದ್ತಿದ್ರೆ: ಇಂಟರ್ನೆಟ್‌ನ ಆರು ಪ್ರಶ್ನೆಯ ಎಎಸ್‌ಆರ್‌ಎಸ್ ಪ್ರಶ್ನಾವಳಿ ಜರಡಿ ಮಾತ್ರ, ತೀರ್ಪಲ್ಲ. ಲಕ್ಷಣ 12 ವರ್ಷದೊಳಗೇ ಕಂಡಿರಬೇಕು, ಮನೆ, ಕೆಲಸ, ಶಾಲೆ ಇಂಥ ಎರಡು ಕಡೆಯಾದ್ರೂ ಇರಬೇಕು. ಹಾಗಾಗಿ ಹೋಗುವಾಗ ಹಳೇ ಪ್ರಗತಿಪತ್ರ ಹುಡುಕಿ ತಗೊಂಡು ಹೋಗ್ರಿ, ಅವ್ವನ್ನೋ ದೊಡ್ಡಕ್ಕನ್ನೋ ಕರಕೊಂಡು ಹೋಗ್ರಿ. ಥೈರಾಯ್ಡ್, ರಕ್ತಹೀನತೆ, ಗೊರಕೆಯ ನಿದ್ದೆ ತೊಂದರೆ, ಖಿನ್ನತೆ ಇವೂ ಗಮನ ಕೆಡಿಸ್ತಾವ, ಮೊದಲು ಅವನ್ನ ನೋಡ್ತಾರ. ಗುಳಿಗೆ ಮೊದಲು ಬಿಪಿ, ನಾಡಿ, ತೂಕ.

ಬೆಳಗಾವಿಯ ಬಿಮ್ಸ್ ಮತ್ತು ಕೆಎಲ್‌ಇ, ವಿಜಯಪುರದ ಬಿಎಲ್‌ಡಿಇ, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜು, ಎಲ್ಲಾ ಕಡೆ ಮನೋವೈದ್ಯ ವಿಭಾಗ ಇದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನೋ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಎಲ್ಲಿಂದ ಶುರು ಮಾಡೋದು ತಿಳಿಯದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ದಿನದ 24 ತಾಸು, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಸಾಯೋ ವಿಚಾರ ಬರ್ತಿದ್ರೆ ಕೋಚ್‌ಗೆ ಕಾಯಬ್ಯಾಡ್ರಿ, ಇವತ್ತೇ ಆ ನಂಬರ್ ಹಚ್ಚಿ, ಇಲ್ಲಾಂದ್ರೆ ಹತ್ರದ ಆಸ್ಪತ್ರೆಗೆ ಹೋಗ್ರಿ.

ಖಣದ_ಅಂಚು

ಜೋಡಿ ಕೂಡೂದಕ್ಕ ಒಂದು ಪ್ರಶ್ನೆರೀ. ವಿಡಿಯೋ ಹಚ್ಚಿದ್ರ ಹೆಣ್ಣಮಕ್ಕಳು ಮಾರಿ ತೋರಸಾಕ ಸಂಕೋಚ ಪಡ್ತಾರ. ಕ್ಯಾಮೆರಾ ಬಂದ್ ಇಟ್ರ ನಡೀತೈತೇನು?

ಎರಡನೇ_ಪಾಳಿ

ಪೂರ್ತಿ ಬಂದ್ ಇಟ್ರೆ ಅರ್ಧ ಶಕ್ತಿ ಹೋಗ್ತದೆ ಅಕ್ಕಾರ. ಮುಖ ಬೇಡವೇ ಬೇಡ. ಫೋನ್ ಡಬ್ಬಿಗೆ ಆನಿಸಿ ಕೆಳಮುಖ ಮಾಡಿ, ಕೈ ಮತ್ತು ಮೇಜು ಅಷ್ಟೇ ಕಾಣಬೇಕು. ಕೈ ನಿಂತ್ರೆ ಇಬ್ಬರಿಗೂ ಗೊತ್ತಾಗ್ತದೆ.

ಮಲಪ್ರಭಾ_ದಂಡಿ

ಹಂಗಾರ ಸೋಮವಾರ, ಬುಧವಾರ, ಶುಕ್ರವಾರ ಮುಂಜಾನೆ 10:30. ಮೂರು ಜಾಗ ಐತಿ. ಬರೋರು "ಈಗ ಮಾಡೂದು ಇದು" ಅನ್ನೂ ಒಂದ ವಾಕ್ಯ ಕೆಳಗ ಬರದು ಬರ್ರಿ.

ಉದ್ರಿ_ವಹಿ

ಡಬ್ಬಿ ಸುರುವೂದು.